ಲಂಡನ್ನಿನ ಹಳೆಯ ಮ್ಯೂಸಿಯಂಗಳಲ್ಲಿ ಬೇಸಿಗೆ ಸಂಜೆಯ ಸಮಾರಂಭ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನಲ್ಲಿರುವ ಕನ್ನಡ ಕುಟುಂಬಗಳಿಗೆ ಮತ್ತು ಸಂಘಗಳಿಗೆ ಸಮಾರಂಭದ ಜಾಗ ಗೊತ್ತುಮಾಡಿಕೊಡುವ ಕೆಲಸದಲ್ಲಿ ನನ್ನ ಮುಂದೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಆರತಕ್ಷತೆ, ಷಷ್ಟ್ಯಬ್ದಿ, ಸಂಘದ ವಾರ್ಷಿಕೋತ್ಸವ, ಕಚೇರಿಯ ಬೇಸಿಗೆ ಕೂಟ ಯಾವುದೇ ಇರಲಿ, ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಮ್ಯೂಸಿಯಂನಲ್ಲಿ ಮೊದಲ ಮರ್ಯಾದೆ ಅಲ್ಲಿರುವ ವಸ್ತುಗಳಿಗೆ, ನಿಮ್ಮ ಅತಿಥಿಗಳಿಗೆ ಎರಡನೆಯದು. ಇದನ್ನು ಒಪ್ಪಿಕೊಂಡು ಬಂದವರ ಸಂಜೆ ಬಹಳ ಸೊಗಸಾಗಿ ನಡೆಯುತ್ತದೆ. ಒಪ್ಪಲಾಗದವರಿಗೆ ಹೋಟೆಲಿನ ಸಭಾಂಗಣವೇ ವಾಸಿ.

ಅಷ್ಟು ದೊಡ್ಡ ಮ್ಯೂಸಿಯಂಗಳನ್ನು ಖಾಸಗಿ ಸಮಾರಂಭಕ್ಕೆ ನಿಜವಾಗಿಯೂ ಕೊಡುತ್ತಾರೆಯೇ?

ಕೊಡುತ್ತಾರೆ, ಮತ್ತು ಕೊಡಬೇಕಾದ ಅಗತ್ಯವೂ ಅವರಿಗಿದೆ. 2001ರ ಡಿಸೆಂಬರ್‌ನಿಂದ ಇಂಗ್ಲೆಂಡಿನ ರಾಷ್ಟ್ರೀಯ ಮ್ಯೂಸಿಯಂಗಳ ಕಾಯಂ ಪ್ರದರ್ಶನಗಳಿಗೆ ಪ್ರವೇಶ ಉಚಿತ. ಹಗಲಿನಲ್ಲಿ ಬಾಗಿಲಲ್ಲಿ ಹಣ ಬರುವುದಿಲ್ಲವಾದ್ದರಿಂದ ಅಂಗಡಿ, ಉಪಾಹಾರ ಗೃಹ, ವಿಶೇಷ ಪ್ರದರ್ಶನಗಳ ಟಿಕೆಟ್ ಮತ್ತು ಸಂಜೆಯ ಬಾಡಿಗೆ ಇವುಗಳ ಗಳಿಕೆ ಅವರಿಗೆ ಮುಖ್ಯ. ಅನೇಕ ಕಡೆ ಈ ವ್ಯವಹಾರ ನೋಡಿಕೊಳ್ಳಲು ಮ್ಯೂಸಿಯಂನ ಒಡೆತನದಲ್ಲೇ ಒಂದು ಪ್ರತ್ಯೇಕ ಕಂಪನಿ ಇರುತ್ತದೆ. ಅದರ ಲಾಭ ಮ್ಯೂಸಿಯಂಗೇ ಹೋಗುತ್ತದೆ. ಹಾಗಾಗಿ ವಿಚಾರಿಸಲು ಸಂಕೋಚಪಡಬೇಕಿಲ್ಲ. ಸಮಾರಂಭಗಳ ವಿಭಾಗಕ್ಕೆ ನೇರವಾಗಿ ಬರೆಯಿರಿ.

ಯಾವ ಮ್ಯೂಸಿಯಂ ಆರಿಸಿಕೊಳ್ಳಬೇಕು?

ಅತಿಥಿಗಳ ಸಂಖ್ಯೆಯಿಂದ ಶುರುಮಾಡಿ, ಆಸೆಯಿಂದಲ್ಲ. ಬಹುತೇಕರ ಮನಸ್ಸಿನಲ್ಲಿರುವುದು ಸೌತ್ ಕೆನ್ಸಿಂಗ್ಟನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಆಲ್ಫ್ರೆಡ್ ವಾಟರ್‌ಹೌಸ್ ವಿನ್ಯಾಸಗೊಳಿಸಿದ ಈ ಕಟ್ಟಡ 1881ರಲ್ಲಿ ಬಾಗಿಲು ತೆರೆಯಿತು. ಒಳಗೂ ಹೊರಗೂ ಸುಟ್ಟ ಮಣ್ಣಿನ ಫಲಕಗಳು, ಕಮಾನುಗಳ ಮೇಲೆ ಹತ್ತುವ ಕೋತಿಗಳು, ಮೂಲೆಮೂಲೆಯಲ್ಲಿ ಹಕ್ಕಿ, ಮೀನು, ಹಲ್ಲಿ. ನಡುಹಜಾರದಲ್ಲಿ 25 ಮೀಟರಿಗೂ ಉದ್ದದ ನೀಲಿ ತಿಮಿಂಗಿಲದ ಅಸ್ಥಿಪಂಜರ 2017ರಿಂದ ತಲೆಯ ಮೇಲೆ ತೂಗುತ್ತಿದೆ. ಅದರ ಕೆಳಗೆ ನೂರಾರು ಮಂದಿ ಕುಳಿತು ಊಟ ಮಾಡಬಹುದು. ಆದರೆ ಎಂಬತ್ತು ಜನರನ್ನು ಅಲ್ಲಿಗೆ ಕರೆದರೆ ಕಾರ್ಯಕ್ರಮ ಬಡವಾಗಿ ಕಾಣುತ್ತದೆ. ನೂರೈವತ್ತಕ್ಕಿಂತ ಕಡಿಮೆ ಜನ ಇದ್ದರೆ ನಾನು ಆ ಹಜಾರದ ಹೆಸರನ್ನೇ ಎತ್ತುವುದಿಲ್ಲ.

ಪಕ್ಕದ ರಸ್ತೆ ದಾಟಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ. ಇದರ ನಡುವಿನ ಅಂಗಳಕ್ಕೆ 2005ರಲ್ಲಿ ಹೊಸ ರೂಪ ಬಂತು: ಸುತ್ತ ಕೆಂಪು ಇಟ್ಟಿಗೆಯ ಕಟ್ಟಡ, ನಡುವೆ ಅಂಡಾಕಾರದ ತಿಳಿನೀರಿನ ಕೊಳ. ಬೇಸಿಗೆ ಸಂಜೆಗೆ ಹೇಳಿ ಮಾಡಿಸಿದ ಜಾಗ. ಗ್ರೀನಿಚ್‌ನಲ್ಲಿ ಇನಿಗೊ ಜೋನ್ಸ್ ಕಟ್ಟಿದ ಕ್ವೀನ್ಸ್ ಹೌಸ್ ಇದೆ. 1616ರಲ್ಲಿ ಆರಂಭವಾಗಿ 1630ರ ದಶಕದಲ್ಲಿ ಮುಗಿದ ಈ ಬಿಳಿಯ ಮನೆಯ ಹಜಾರ ನಾಲ್ಕೂ ಕಡೆ ಒಂದೇ ಅಳತೆಯದು, ಪಕ್ಕದಲ್ಲೇ ನಡುಗಂಬವಿಲ್ಲದೆ ಸುರುಳಿಯಾಗಿ ಏರುವ ಮೆಟ್ಟಿಲು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ಕಟಿ ಸಾರ್ಕ್, ಚೀನಾದಿಂದ ಚಹಾ ತರುತ್ತಿದ್ದ 1869ರ ಹಾಯಿಹಡಗು. ಈಗ ಅದನ್ನು ನೆಲದಿಂದ ಮೇಲಕ್ಕೆತ್ತಿ ನಿಲ್ಲಿಸಿದ್ದಾರೆ, ಹೊಳೆಯುವ ಲೋಹದ ತಳಭಾಗದ ಕೆಳಗೆ ಊಟದ ಮೇಜುಗಳನ್ನು ಹಾಕುತ್ತಾರೆ.

ನನ್ನನ್ನು ಕೇಳಿದರೆ, ನೂರು ಜನರ ಒಳಗಿನ ಕುಟುಂಬ ಸಮಾರಂಭಕ್ಕೆ ದಕ್ಷಿಣ ಲಂಡನ್ನಿನ ಹಾರ್ನಿಮನ್ ಮ್ಯೂಸಿಯಂ ಅಥವಾ ಡಲ್ವಿಚ್ ಪಿಕ್ಚರ್ ಗ್ಯಾಲರಿಯನ್ನು ಮೊದಲು ನೋಡಿ ಎನ್ನುತ್ತೇನೆ. ಹಾರ್ನಿಮನ್ ಒಬ್ಬ ಚಹಾ ವ್ಯಾಪಾರಿಯ ಸಂಗ್ರಹದಿಂದ ಹುಟ್ಟಿ 1901ರಲ್ಲಿ ಈಗಿನ ಕಟ್ಟಡಕ್ಕೆ ಬಂತು. ಅಲ್ಲಿನ ಬಿಳಿ ಕಬ್ಬಿಣದ ಚೌಕಟ್ಟಿನ ಗಾಜಿನ ಮನೆ ಮದುವೆಗಳಿಗೆ ಹೆಸರುವಾಸಿ, ಜೊತೆಗೆ ದೊಡ್ಡ ತೋಟ. ಡಲ್ವಿಚ್‌ನದು ವಾಸ್ತುಶಿಲ್ಪಿ ಜಾನ್ ಸೋನ್ ವಿನ್ಯಾಸ. ಸಾರ್ವಜನಿಕರು ಚಿತ್ರ ನೋಡಲೆಂದೇ ಕಟ್ಟಿದ ಗ್ಯಾಲರಿಗಳಲ್ಲಿ ಅದು ತೀರ ಹಳೆಯದು, 1817ರಲ್ಲಿ ತೆರೆಯಿತು. ಕೇಂದ್ರ ಲಂಡನ್ನಿನಿಂದ ಸ್ವಲ್ಪ ದೂರ ಎಂಬ ಒಂದೇ ಕಾರಣಕ್ಕೆ ನಮ್ಮವರು ಇವೆರಡನ್ನೂ ಬದಿಗೆ ಸರಿಸುತ್ತಾರೆ. ಬೆಂಗಳೂರಿನ ಸಂಚಾರದಲ್ಲಿ ಬೆಳೆದವರು ಇಷ್ಟು ದೂರಕ್ಕೆ ಹೆದರುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಯಾವ ತಿಂಗಳು ಒಳ್ಳೆಯದು?

ಜೂನ್ 21ರ ಆಸುಪಾಸಿನಲ್ಲಿ ಲಂಡನ್ನಿನ ಸೂರ್ಯಾಸ್ತ ರಾತ್ರಿ 9.20ರ ಸುಮಾರಿಗೆ. ಜುಲೈ ಕೊನೆಗೆ 8.50, ಆಗಸ್ಟ್ ಕೊನೆಗೆ 7.50ರ ಹತ್ತಿರ. ಅಂಗಳ ಅಥವಾ ತೋಟ ಬೇಕೆನ್ನುವವರಿಗೆ ಜೂನ್ ಮತ್ತು ಜುಲೈ. ಒಳಗಿನ ಹಜಾರವನ್ನು ಬಣ್ಣದ ದೀಪಗಳಿಂದ ತೊಳಗಿಸಬೇಕು ಎನ್ನುವವರಿಗೆ ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್. ಈ ಹಳೆಯ ಕಟ್ಟಡಗಳು ವಿದ್ಯುತ್ ದೀಪದ ಕಾಲಕ್ಕಿಂತ ಹಿಂದಿನವು ಅಥವಾ ಅದರ ಹೊಸ್ತಿಲಿನಲ್ಲಿ ಕಟ್ಟಿದವು. ಹಗಲಿನ ಬೆಳಕಿಗಾಗಿ ಮಾಡಿನಲ್ಲೇ ಗಾಜು ಹಾಕಿರುತ್ತಾರೆ. ಜೂನ್‌ನಲ್ಲಿ ದೀಪಾಲಂಕಾರಕ್ಕೆ ಕೊಟ್ಟ ಹಣ ಒಂಬತ್ತೂವರೆಯವರೆಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಹತ್ತಕ್ಕೆ ಅಜ್ಜ ಅಜ್ಜಿಯರು ಹೊರಟಿರುತ್ತಾರೆ.

ಸೆಕೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 2022ರ ಜುಲೈ 19ರಂದು ಇಂಗ್ಲೆಂಡಿನಲ್ಲಿ ಮೊದಲ ಬಾರಿಗೆ ಉಷ್ಣಾಂಶ 40 ಡಿಗ್ರಿ ದಾಟಿತು. ಅಂಥ ದಿನ ಅಪರೂಪ, ಆದರೆ ಈ ಕಟ್ಟಡಗಳ ದೊಡ್ಡ ಹಜಾರಗಳಲ್ಲಿ ಹವಾನಿಯಂತ್ರಣ ಇರುವುದೇ ಕಡಿಮೆ. ಗಾಜಿನ ಮಾಡಿನ ಕೆಳಗೆ ರೇಷ್ಮೆ ಸೀರೆ, ಮೂರು ತುಂಡಿನ ಸೂಟು ಧರಿಸಿದ ಇನ್ನೂರು ಜನ ಸೇರಿದಾಗ 28 ಡಿಗ್ರಿಯೇ ಸಾಕು ಸಾಕೆನಿಸುತ್ತದೆ.

ಸಂಜೆ ಎಷ್ಟು ಹೊತ್ತು ಸಿಗುತ್ತದೆ?

ನೀವಂದುಕೊಂಡದ್ದಕ್ಕಿಂತ ಕಡಿಮೆ. ಸಾರ್ವಜನಿಕರಿಗೆ ಬಾಗಿಲು ಹಾಕುವುದು ಐದರಿಂದ ಆರರ ನಡುವೆ. ಆಮೇಲೆ ಪ್ರತಿ ಕೋಣೆಯನ್ನೂ ನೋಡಿ, ಕೊನೆಯ ಪ್ರವಾಸಿ ಹೋದನೆಂದು ಖಚಿತವಾದ ಮೇಲೆ ನಿಮ್ಮ ಮೇಜು, ಬಟ್ಟೆ, ಪಾತ್ರೆ ಒಳಗೆ ಬರುತ್ತವೆ. ಅತಿಥಿಗಳಿಗೆ ಬಾಗಿಲು ಏಳರ ಸುಮಾರಿಗೆ ತೆರೆದರೆ, ಸಜ್ಜಿಕೆಗೆ ಸಿಗುವುದು ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಹೆಚ್ಚಿನ ಕಡೆ ಹನ್ನೊಂದಕ್ಕೆ ಸಂಗೀತ ನಿಲ್ಲಬೇಕು, ಮಧ್ಯರಾತ್ರಿಯ ಹೊತ್ತಿಗೆ ನಿಮ್ಮ ಸಾಮಾನೆಲ್ಲ ಲಾರಿಗೆ ಏರಬೇಕು, ಏಕೆಂದರೆ ಬೆಳಗ್ಗೆ ಹತ್ತಕ್ಕೆ ಶಾಲಾ ಮಕ್ಕಳ ಸಾಲು ಬಾಗಿಲಲ್ಲಿರುತ್ತದೆ.

ಇದರ ಪರಿಣಾಮ ಏನೆಂದರೆ, ಅರ್ಧ ದಿನ ಹಿಡಿಯುವ ಹೂವಿನ ಮಂಟಪ, ಮೇಲಿನಿಂದ ತೂಗುಬಿಡುವ ಅಲಂಕಾರ, ಅಲ್ಲೇ ಮೊಳೆ ಹೊಡೆದು ಕಟ್ಟುವ ವೇದಿಕೆ ಇವೆಲ್ಲ ಯೋಜನೆಯಿಂದಲೇ ಹೊರಗೆ. ಮೊಳೆ, ಅಂಟುಪಟ್ಟಿ, ಗೋಡೆಗೆ ಒರಗಿಸುವುದು ಯಾವುದಕ್ಕೂ ಒಪ್ಪಿಗೆ ಇಲ್ಲ. ಚಕ್ರದ ಮೇಲೆ ತಳ್ಳಿಕೊಂಡು ಬಂದು ತನ್ನಷ್ಟಕ್ಕೇ ನಿಲ್ಲುವಂಥದ್ದು ಮಾತ್ರ ಆಗುತ್ತದೆ.

ಶುಕ್ರವಾರ ಸಂಜೆ ಕೇಳುವ ಮುನ್ನ ಒಂದು ಎಚ್ಚರ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಶುಕ್ರವಾರ ರಾತ್ರಿ ಹತ್ತರವರೆಗೆ ಸಾರ್ವಜನಿಕರಿಗೆ ತೆರೆದಿರುತ್ತದೆ, ಬ್ರಿಟಿಷ್ ಮ್ಯೂಸಿಯಂ ಎಂಟೂವರೆಯವರೆಗೆ. ನಿಮ್ಮ ಕಾರ್ಯಕ್ರಮಕ್ಕೆ ಸುಲಭವಾಗಿ ಸಿಗುವ ದಿನಗಳು ಸೋಮವಾರದಿಂದ ಗುರುವಾರ. ವಾರದ ನಡುವೆ ಯಾರು ಬರುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ಬೇಸಿಗೆಯ ಗುರುವಾರ ಸಂಜೆ, ಕಚೇರಿ ಮುಗಿಸಿ, ಎಲ್ಲರೂ ಬರುತ್ತಾರೆ.

ಮುಹೂರ್ತ ಹೇಗೆ ಹೊಂದಿಸುವುದು?

ಬೆಳಗಿನ ಮುಹೂರ್ತ ಆಗದ ಮಾತು, ಕಟ್ಟಡ ಸಂಜೆಯವರೆಗೆ ಸಾರ್ವಜನಿಕರದು. ಗೋಧೂಳಿ ಲಗ್ನ ಆಗಬಹುದು, ಆದರೆ ಜೂನ್‌ನಲ್ಲಿ ಗೋಧೂಳಿಯೆಂದರೆ ರಾತ್ರಿ ಒಂಬತ್ತು ದಾಟಿರುತ್ತದೆ. ಊಟ ಅದಕ್ಕೆ ಮೊದಲೇ ಬಡಿಸಬೇಕೋ ಆಮೇಲೋ ಎಂಬುದನ್ನು ಹಿರಿಯರೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ರಾಹುಕಾಲ ನೋಡುವವರಿಗೆ ಇನ್ನೊಂದು ವಿಷಯ. ಊರಿನ ಕ್ಯಾಲೆಂಡರಿನಲ್ಲಿ ಅಚ್ಚಾದ ಒಂದೂವರೆ ಗಂಟೆಯ ರಾಹುಕಾಲ ಇಲ್ಲಿ ನಡೆಯುವುದಿಲ್ಲ. ಅದು ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹೊತ್ತಿನ ಎಂಟನೇ ಒಂದು ಭಾಗ. ಜೂನ್ ಮಧ್ಯದಲ್ಲಿ ಲಂಡನ್ನಿನ ಹಗಲು ಹದಿನಾರೂವರೆ ಗಂಟೆಗೂ ಹೆಚ್ಚು, ಆದ್ದರಿಂದ ರಾಹುಕಾಲವೂ ಎರಡು ಗಂಟೆ ದಾಟುತ್ತದೆ. ಭಾನುವಾರ ಅದು ಹಗಲಿನ ಕೊನೆಯ ಭಾಗವಾದ್ದರಿಂದ ಸಂಜೆ ಏಳೂಕಾಲರಿಂದ ಒಂಬತ್ತೂಕಾಲು ದಾಟುವವರೆಗೆ, ಅಂದರೆ ಸರಿಯಾಗಿ ನಿಮ್ಮ ಅತಿಥಿಗಳು ಬಂದು ಕೂರುವ ಹೊತ್ತಿಗೆ ಬೀಳುತ್ತದೆ. ಮಂಗಳವಾರದ್ದು ಏಳೂಕಾಲಕ್ಕೆ ಮುಗಿಯುತ್ತದೆ. ಮುಂಗಡ ಕೊಟ್ಟ ಮೇಲೆ ಊರಿನಿಂದ ಮಾವನವರ ಫೋನು ಬಂದು ದಿನ ಬದಲಿಸಬೇಕಾಗಿ ಬರುವುದಕ್ಕಿಂತ, ಲಂಡನ್ನಿನ ಲೆಕ್ಕದ ಪಂಚಾಂಗವನ್ನು ಪುರೋಹಿತರಿಂದ ಮೊದಲೇ ನೋಡಿಸುವುದು ಒಳ್ಳೆಯದು.

ಮ್ಯೂಸಿಯಂನಲ್ಲೇ ಕಾನೂನುಬದ್ಧ ಮದುವೆ ಆಗಬಹುದೇ?

ಆ ಕಟ್ಟಡಕ್ಕೆ ಸ್ಥಳೀಯ ಆಡಳಿತದ ಅನುಮೋದನೆ ಇದ್ದರೆ ಆಗಬಹುದು. 1994ರ ಕಾಯಿದೆಯ ನಂತರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ಅನುಮೋದಿತ ಜಾಗಗಳಲ್ಲಿ ನೋಂದಣಿ ವಿವಾಹ ನಡೆಯುತ್ತದೆ. ಆದರೆ ರಿಜಿಸ್ಟ್ರಾರ್ ನಡೆಸಿಕೊಡುವ ಆ ವಿಧಿಯಲ್ಲಿ ಧಾರ್ಮಿಕ ಅಂಶ ಬರುವಂತಿಲ್ಲ: ಮಂತ್ರವಿಲ್ಲ, ಪೂಜೆಯಿಲ್ಲ. ಮತ್ತೊಂದು ಕಡೆಯಿಂದ, ಪುರೋಹಿತರು ಮಾಡಿಸುವ ಮಾಂಗಲ್ಯಧಾರಣೆ, ಸಪ್ತಪದಿಗಳನ್ನು ಮಾತ್ರ ಅಲ್ಲಿ ನಡೆಸಿದರೆ ಕಾನೂನಿನ ಕಣ್ಣಿನಲ್ಲಿ ಮದುವೆಯಾದಂತೆ ಆಗುವುದಿಲ್ಲ. ಹೆಚ್ಚಿನ ಜೋಡಿಗಳು ಹಿಂದಿನ ವಾರವೇ ನೋಂದಣಿ ಕಚೇರಿಗೆ ಹೋಗಿ ಬರುತ್ತಾರೆ. ನನ್ನ ಸಲಹೆಯೂ ಅದೇ. ನೋಂದಣಿಗೆ ಕನಿಷ್ಠ 29 ದಿನ ಮೊದಲು ಸೂಚನೆ ಕೊಟ್ಟಿರಬೇಕು.

ದೀಪ ಹಚ್ಚಬಹುದೇ? ಆರತಿ? ಹೋಮ?

ಹೋಮ ಇಲ್ಲ. ಈ ವಿಷಯದಲ್ಲಿ ಚೌಕಾಸಿ ಮಾಡಲು ಹೋಗಬೇಡಿ. ಬೆಂಕಿಯ ಭಯ ಇವರಿಗೆ ಅಂತೆಕಂತೆಯಲ್ಲ. ಮೇಲೆ ಹೇಳಿದ ಕಟಿ ಸಾರ್ಕ್ 2007ರ ಮೇ ತಿಂಗಳಲ್ಲಿ ದುರಸ್ತಿಯಲ್ಲಿದ್ದಾಗ ಹೊತ್ತಿ ಉರಿಯಿತು. ಆರಿಸದೆ ಬಿಟ್ಟುಹೋದ ಒಂದು ಕೈಗಾರಿಕಾ ಧೂಳು ಹೀರುವ ಯಂತ್ರವೇ ಬಹುಶಃ ಕಾರಣ ಎಂದು ತನಿಖೆ ಹೇಳಿತು. ಹಡಗು ಮತ್ತೆ ಜನರಿಗೆ ತೆರೆಯಲು 2012ರವರೆಗೆ ಕಾಯಬೇಕಾಯಿತು. ನಿಮ್ಮ ಧ್ವನಿವರ್ಧಕದವರ ಪ್ರತಿಯೊಂದು ತಂತಿಗೂ ಪರೀಕ್ಷೆಯ ಚೀಟಿ ಕೇಳುವುದು ಇದೇ ಕಾರಣಕ್ಕೆ.

ಉದ್ಘಾಟನೆಗೆ ದೀಪ ಬೆಳಗುವುದಕ್ಕೂ ಸಾಮಾನ್ಯವಾಗಿ ಒಳಗೆ ಅವಕಾಶವಿಲ್ಲ, ಬ್ಯಾಟರಿಯ ಬತ್ತಿ ಇಡಿ ಎನ್ನುತ್ತಾರೆ. ಅಂಗಳ ಅಥವಾ ತೋಟವಿದ್ದರೆ, ಕಾವಲಿನವರೊಬ್ಬರು ಪಕ್ಕದಲ್ಲಿ ನಿಲ್ಲುವ ಷರತ್ತಿನ ಮೇಲೆ, ಹೊರಗೆ ಒಂದು ದೀಪಕ್ಕೆ ಒಪ್ಪಿಗೆ ಸಿಕ್ಕೀತು, ಬರವಣಿಗೆಯಲ್ಲಿ ಪಡೆದುಕೊಳ್ಳಿ. ಊದುಬತ್ತಿ, ಕರ್ಪೂರ, ವೇದಿಕೆಯ ಹೊಗೆಯಂತ್ರ ಇವುಗಳಿಂದ ಹೊಗೆಯ ಸೂಚಕ ಕೂಗಿಕೊಂಡು ಇಡೀ ಕಟ್ಟಡ ಖಾಲಿಯಾಗುತ್ತದೆ. ಹೀಲಿಯಂ ಬಲೂನಿಗೂ ಇದೇ ಕಾರಣಕ್ಕೆ ನಿಷೇಧ: ಎತ್ತರದ ಹಜಾರಗಳಲ್ಲಿ ಒಂದು ಗೋಡೆಯಿಂದ ಇನ್ನೊಂದಕ್ಕೆ ಹಾಯುವ ಕಿರಣವೇ ಹೊಗೆ ಪತ್ತೆಮಾಡುತ್ತದೆ, ಕೈತಪ್ಪಿ ಮೇಲೇರಿದ ಬಲೂನು ಆ ಕಿರಣಕ್ಕೆ ಅಡ್ಡ ನಿಲ್ಲುತ್ತದೆ.

ಕಾಲ ಹೇಗೆ ಬದಲಾಗಿದೆ ನೋಡಿ. ಜಾನ್ ಸೋನ್ ಈಜಿಪ್ಟಿನ ದೊರೆ ಮೊದಲನೇ ಸೇಟಿಯ ಕಲ್ಲಿನ ಶವಪೆಟ್ಟಿಗೆಯನ್ನು ಕೊಂಡು ತಂದಾಗ, 1825ರ ಮಾರ್ಚ್‌ನಲ್ಲಿ ಮೂರು ಸಂಜೆ ತನ್ನ ಮನೆಗೆ ಅತಿಥಿಗಳನ್ನು ಕರೆದು, ಎಣ್ಣೆ ದೀಪಗಳ ಬೆಳಕಿನಲ್ಲಿ ಅದನ್ನು ತೋರಿಸಿದ್ದ. ಆ ಮನೆಯೇ ಈಗಿನ ಸೋನ್ ಮ್ಯೂಸಿಯಂ.

ಅರಿಶಿನ, ಕುಂಕುಮ, ಅಕ್ಷತೆ, ಹೂವು, ರಂಗೋಲಿ?

ಅತಿ ಹೆಚ್ಚು ಮನಸ್ತಾಪ ಹುಟ್ಟುವುದು ಇಲ್ಲಿಯೇ. ಅರಿಶಿನವೆಂದರೆ ಬಣ್ಣ. ಅಮೃತಶಿಲೆ, ಸುಣ್ಣಕಲ್ಲುಗಳ ಸೂಕ್ಷ್ಮ ರಂಧ್ರಗಳೊಳಗೆ ಒದ್ದೆಯ ಅರಿಶಿನ ಇಳಿದರೆ ತೊಳೆದು ತೆಗೆಯಲಾಗುವುದಿಲ್ಲ. ಕ್ಷಾರ ಸೋಕಿದರೆ ಕೆಂಪಾಗುತ್ತದೆ. ನಮ್ಮ ಹಳೆಯ ಪದ್ಧತಿಯ ಕುಂಕುಮ ಸಿದ್ಧವಾಗುವುದೇ ಹಾಗೆ. ಹಣೆಗೆ ಹಚ್ಚಲು ಸಣ್ಣ ಬಟ್ಟಲಿನಲ್ಲಿ ಇಟ್ಟುಕೊಂಡರೆ ಯಾರೂ ಏನೂ ಅನ್ನುವುದಿಲ್ಲ, ಎರಚುವಂತಿಲ್ಲ ಅಷ್ಟೇ. ಆರತಿ ತಟ್ಟೆಯ ಕೆಂಪು ನೀರನ್ನಂತೂ ಒಳಗೆ ತರಲೇಬೇಡಿ.

ಅಕ್ಷತೆಯ ವಿಷಯದಲ್ಲಿ ಅವರ ಚಿಂತೆ ಬೇರೆ. ನೆಲದ ಸಂದಿಗಳಿಗೆ ಸೇರಿದ ಅಕ್ಕಿ, ತಿಂಡಿಯ ಚೂರು ಇವು ಹುಳುಗಳಿಗೆ ಆಹಾರ. ಧಾನ್ಯ, ಮಸಾಲೆಗಳನ್ನು ತಿನ್ನುವ ಕೆಲವು ಜೀರುಂಡೆಗಳು ಒಣಗಿಸಿಟ್ಟ ಸಸ್ಯಗಳ ಸಂಗ್ರಹವನ್ನೂ ಬಿಡುವುದಿಲ್ಲ. ಹೂವಿಗೂ ಇದೇ ತಕರಾರು. ಕಂಬಳಿ ಜೀರುಂಡೆ ಎನ್ನಬಹುದಾದ ಒಂದು ಪುಟ್ಟ ಕೀಟವಿದೆ. ಬೆಳೆದ ಕೀಟ ಹೂವಿನ ಪರಾಗ ತಿಂದು ಬದುಕುತ್ತದೆ, ಅದರ ಮರಿಹುಳು ಉಣ್ಣೆ, ತುಪ್ಪಳ, ಗರಿಗಳನ್ನು ತಿನ್ನುತ್ತದೆ. ತೋಟದಿಂದ ಕೊಯ್ದು ತಂದ ಹೂವಿನೊಂದಿಗೆ ಅದು ಒಳಗೆ ಬಂತೆಂದರೆ, ಸಂಗ್ರಹದಲ್ಲಿ ಒಣಗಿಸಿಟ್ಟ ನೂರೈವತ್ತು ವರ್ಷ ಹಳೆಯ ಹಕ್ಕಿಯೊಂದು ಹೋಯಿತು. (ಇದೇ ಕುಟುಂಬದ ಇನ್ನೊಂದು ಜೀರುಂಡೆಯನ್ನು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ತಾನೇ ಸಾಕಿಕೊಂಡಿದೆ, ಮೂಳೆಗಳಿಗೆ ಅಂಟಿದ ಮಾಂಸವನ್ನು ತಿಂದು ಸ್ವಚ್ಛಮಾಡಲು. ಅವುಗಳನ್ನು ಭದ್ರವಾಗಿ ಬೇರೆ ಕೋಣೆಯಲ್ಲಿಡುತ್ತಾರೆ.) ಆದ್ದರಿಂದ ಹೂವು ಬೇಕಿದ್ದರೆ ಮ್ಯೂಸಿಯಂ ಒಪ್ಪಿದ ಹೂವಿನವರಿಂದ, ಮಣ್ಣಿಲ್ಲದೆ, ಅದೇ ರಾತ್ರಿ ವಾಪಸು ಒಯ್ಯುವಂತೆ. ಮುಡಿಯಲ್ಲಿ ಮಲ್ಲಿಗೆ ಮುಡಿದು ಬಂದವರನ್ನು ಬಾಗಿಲಲ್ಲಿ ತಡೆದದ್ದನ್ನು ನಾನು ಕಂಡಿಲ್ಲ.

ರಂಗೋಲಿಯನ್ನು ಪುಡಿಯಲ್ಲಿ ಹಾಕುವಂತಿಲ್ಲ, ಹಲಗೆಯ ಮೇಲೆ ಮೊದಲೇ ಬರೆದು ತನ್ನಿ. ಬಾಳೆಕಂಬದ ಆಸೆ ಬಿಟ್ಟುಬಿಡಿ, ಅದರ ಸೊನೆಯ ಕಲೆ ಬಟ್ಟೆಗೆ ಬಿದ್ದರೇ ಹೋಗುವುದಿಲ್ಲ.

ನಮ್ಮದೇ ಅಡುಗೆಯವರನ್ನು ಕರೆತರಬಹುದೇ?

ಬಹುತೇಕ ಮ್ಯೂಸಿಯಂಗಳು ತಾವು ಒಪ್ಪಿದ ಅಡುಗೆ ಗುತ್ತಿಗೆದಾರರ ಪಟ್ಟಿಯನ್ನು ಇಟ್ಟುಕೊಂಡಿರುತ್ತವೆ, ಅದರಿಂದಲೇ ಆರಿಸಬೇಕು. ದೊಡ್ಡ ಪಟ್ಟಿಗಳಲ್ಲಿ ಭಾರತೀಯ ಅಡುಗೆಯವರೂ ಇರುತ್ತಾರೆ. ಆದರೆ ಅವರಲ್ಲಿ ಹೆಚ್ಚಿನವರ ಕೈ ಪನೀರು, ನಾನ್ ಕಡೆಗೆ ಓಡುತ್ತದೆ. ಸಾರು, ಹುಳಿ, ಪಲ್ಯ, ಕೋಸಂಬರಿ ಬೇಕೆಂದರೆ ಮೊದಲೇ ಕೂತು ಹೇಳಿ, ಒಮ್ಮೆ ರುಚಿ ನೋಡಿ ಒಪ್ಪಿಕೊಳ್ಳಿ. ಅವರ ಅಡುಗೆಮನೆಗೆ ನಿಮ್ಮ ಕಡೆಯ ಒಬ್ಬ ಬಾಣಸಿಗರನ್ನು ಸೇರಿಸಿಕೊಳ್ಳಲು ಕೆಲವರು ಒಪ್ಪುತ್ತಾರೆ. ಕೇಳಿ ನೋಡಲು ನಷ್ಟವಿಲ್ಲ.

ಮುಖ್ಯ ತೊಡಕು ಬೇರೆ. ಹಳೆಯ ಕಟ್ಟಡಗಳಲ್ಲಿ ಪೂರ್ತಿ ಅಡುಗೆಮನೆ ಇರುವುದಿಲ್ಲ. ಅಡುಗೆ ಬೇರೆಡೆ ಆಗಿ ಬರುತ್ತದೆ, ಇಲ್ಲಿ ಬಿಸಿಪೆಟ್ಟಿಗೆಯಲ್ಲಿಟ್ಟು ಬಡಿಸುತ್ತಾರೆ. ಕರಿಯುವುದು, ಕಾವಲಿ ಇಡುವುದು, ಎದುರಿಗೇ ಒಗ್ಗರಣೆ ಹಾಕುವುದು ಯಾವುದೂ ಇಲ್ಲ. ಸಾಸಿವೆ ಸಿಡಿಸಿದ ಹೊಗೆಗೇ ಸೂಚಕ ಕೂಗೀತು. ಹಾಗಾಗಿ ಬಿಸಿ ದೋಸೆ, ಪೂರಿ, ಬೋಂಡಾಗಳನ್ನು ಪಟ್ಟಿಯಿಂದ ತೆಗೆಯಿರಿ. ಇಟ್ಟಷ್ಟೂ ಹದಗೆಡದವನ್ನು ಸೇರಿಸಿ: ಬಿಸಿಬೇಳೆಬಾತ್, ಪುಳಿಯೋಗರೆ, ವಾಂಗಿಬಾತ್, ಮೊಸರನ್ನ, ಹೋಳಿಗೆ, ಚಿರೋಟಿ. ಜನ ನಿಂತುಕೊಂಡೇ ತಿನ್ನುವ ಕೂಟವಾದರೆ ತೆಳ್ಳನೆಯ ಸಾರು, ತುಪ್ಪ, ಪಾಯಸಗಳನ್ನು ತಟ್ಟೆಯಲ್ಲಿ ಕೊಡಬೇಡಿ. ಸಣ್ಣ ಲೋಟದಲ್ಲಿ ಕೊಟ್ಟರೆ ಸಾರು ಕುಡಿಯಲೂ ಚೆನ್ನ. ಮದ್ದೂರು ವಡೆಯಂತಹ ಗಟ್ಟಿ ತಿಂಡಿ ಇಂಥ ಕೂಟಕ್ಕೆ ಹೇಳಿ ಮಾಡಿಸಿದ್ದು, ತಣ್ಣಗಾದರೂ ಅದರ ಮಾನ ಹೋಗುವುದಿಲ್ಲ.

ಬ್ರಿಟನ್ನಿನ ಕಾನೂನಿನ ಪ್ರಕಾರ 14 ಬಗೆಯ ಅಲರ್ಜಿಕಾರಕಗಳ ಮಾಹಿತಿ ಕೊಡಬೇಕು. ಹಾಲು, ಗೋಧಿ, ಕಡಲೆಕಾಯಿ, ಗೋಡಂಬಿ, ಎಳ್ಳು ಎಲ್ಲವೂ ಅದರಲ್ಲಿವೆ, ಸಾಸಿವೆಯೂ ಇದೆ. ಅಂದರೆ ನಮ್ಮ ಅಡುಗೆಯ ಬಹುತೇಕ ಪಾತ್ರೆಗಳ ಮೇಲೆ ಚೀಟಿ ಬೀಳುತ್ತದೆ. ಅಂಗಡಿಯ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆತಿರುವುದುಂಟು, ಗೋಧಿ ಆಗದ ಅತಿಥಿಗಳಿದ್ದರೆ ಅಡುಗೆಯವರಿಗೆ ಇದನ್ನು ನೆನಪಿಸಿ.

ಮದ್ಯಕ್ಕೆ ಏನು ನಿಯಮ?

ಮ್ಯೂಸಿಯಂಗೇ ಪರವಾನಗಿ ಇದ್ದರೆ ಅವರ ಅಡುಗೆಯವರೇ ನೋಡಿಕೊಳ್ಳುತ್ತಾರೆ. ಇಲ್ಲದಿದ್ದಲ್ಲಿ ಸ್ಥಳೀಯ ಆಡಳಿತಕ್ಕೆ ತಾತ್ಕಾಲಿಕ ಕಾರ್ಯಕ್ರಮದ ಸೂಚನೆ ಸಲ್ಲಿಸಬೇಕು: ಶುಲ್ಕ 21 ಪೌಂಡ್, ಕನಿಷ್ಠ ಹತ್ತು ಕೆಲಸದ ದಿನ ಮೊದಲು, ಸಿಬ್ಬಂದಿಯೂ ಸೇರಿ ಒಂದೇ ಹೊತ್ತಿನಲ್ಲಿ 499 ಜನಕ್ಕಿಂತ ಹೆಚ್ಚಿರಬಾರದು. ಸಂಘದ ಕಾರ್ಯಕ್ರಮದ ಟಿಕೆಟ್ ಬೆಲೆಯಲ್ಲೇ ಒಂದು ಲೋಟ ವೈನ್ ಸೇರಿದ್ದರೆ ಅದೂ ಮಾರಾಟವೇ. ಕೆಂಪು ವೈನಿಗೆ ಹಲವು ಕಡೆ ಬಾಗಿಲಿಲ್ಲ, ಕಾರಣ ನೆಲ. ದಾಳಿಂಬೆ, ಕೋಕಂ ಪಾನಕಗಳಿಗೂ ಇದೇ ಉತ್ತರ ಬಂದರೆ ಬೇಸರಪಡಬೇಡಿ.

ಡೊಳ್ಳು, ಚೆಂಡೆ, ಡಿಜೆ?

ಮ್ಯಾಂಚೆಸ್ಟರ್ ಮ್ಯೂಸಿಯಂನಲ್ಲಿ 2013ರಲ್ಲಿ ಒಂದು ಪುಟ್ಟ ಈಜಿಪ್ಟಿನ ವಿಗ್ರಹ ಗಾಜಿನ ಪೆಟ್ಟಿಗೆಯೊಳಗೆ ತಾನೇ ತಾನಾಗಿ ಬೆನ್ನು ತಿರುಗಿಸುತ್ತಿರುವುದು ಕಂಡುಬಂದು ದೊಡ್ಡ ಸುದ್ದಿಯಾಯಿತು. ಶಾಪದ ಕತೆಗಳೂ ಹುಟ್ಟಿಕೊಂಡವು. ಪರೀಕ್ಷಿಸಿದಾಗ ಸಿಕ್ಕ ಕಾರಣ ಹೊರಗಿನ ವಾಹನಗಳು ಮತ್ತು ಒಳಗಿನ ಜನರ ನಡಿಗೆಯ ಕಂಪನ. ನಡಿಗೆಗೇ ವಿಗ್ರಹ ತಿರುಗುವುದಾದರೆ ಹತ್ತು ಡೊಳ್ಳು ಒಟ್ಟಿಗೆ ಬಡಿದಾಗ ಸಂಗ್ರಹಪಾಲಕರ ಎದೆ ಏಕೆ ಹೊಡೆದುಕೊಳ್ಳುತ್ತದೆ ಎಂಬುದು ಅರ್ಥವಾಗುತ್ತದೆ. ಕಿವಿಗೆ ತಾಗುವ ಸದ್ದಿಗಿಂತ ನೆಲಕ್ಕೆ ತಾಗುವ ತಗ್ಗುದನಿಯೇ ಅವರಿಗೆ ಶತ್ರು. ಡಿಜೆಯ ದೊಡ್ಡ ಪೆಟ್ಟಿಗೆಗಳಿಗೆ ಮಿತಿ ಹಾಕುವುದು, ಅವುಗಳನ್ನು ನೇರವಾಗಿ ನೆಲದ ಮೇಲಿಡಬಾರದೆನ್ನುವುದು ಇದಕ್ಕೇ.

ಡೊಳ್ಳು, ಚೆಂಡೆಗಳನ್ನು ಹೊರಗಿನ ಅಂಗಳದಲ್ಲಿ, ಅತಿಥಿಗಳನ್ನು ಎದುರುಗೊಳ್ಳುವ ಹೊತ್ತಿಗೆ, ಹದಿನೈದು ನಿಮಿಷಕ್ಕೆ ಇಟ್ಟುಕೊಂಡರೆ ಒಪ್ಪಿಗೆಯ ಸಾಧ್ಯತೆ ಹೆಚ್ಚು. ಒಳಗೆ ವೀಣೆ, ಕೊಳಲು, ಪಿಟೀಲು. ಕಲ್ಲು, ಸುಟ್ಟ ಮಣ್ಣಿನ ಹಜಾರಗಳಲ್ಲಿ ದನಿ ಬಹಳ ಹೊತ್ತು ನಿಲ್ಲುತ್ತದೆ, ಆಲಾಪಕ್ಕೆ ಅದು ವರ. ಭಾಷಣಕ್ಕೆ ಮಾತ್ರ ಶಾಪ: ಹಿಂದಿನ ವಾಕ್ಯದ ಬಾಲ ಮುಂದಿನ ವಾಕ್ಯದ ಮೇಲೆ ಬಿದ್ದು ಮೂರನೇ ಸಾಲಿನವರಿಗೆ ಏನೂ ತಿಳಿಯುವುದಿಲ್ಲ. ಸಂಘದ ಅಧ್ಯಕ್ಷರು, ಕಾರ್ಯದರ್ಶಿಗಳು, ಮುಖ್ಯ ಅತಿಥಿಗಳು, ವಂದನಾರ್ಪಣೆಯವರು ಎಲ್ಲ ಸೇರಿ ಹತ್ತು ನಿಮಿಷದಲ್ಲಿ ಮುಗಿಸಲು ಇದಕ್ಕಿಂತ ಒಳ್ಳೆಯ ನೆಪ ಇನ್ನೊಂದು ಸಿಗದು.

ಟಿಪ್ಪುವಿನ ಹುಲಿಯ ಮುಂದೆ ಊಟ ಇಟ್ಟುಕೊಳ್ಳಬಹುದೇ?

ಮೈಸೂರು, ಮಂಡ್ಯ ಕಡೆಯವರು ಈ ಪ್ರಶ್ನೆ ಕೇಳದೆ ಬಿಟ್ಟದ್ದಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಈಸ್ಟ್ ಇಂಡಿಯಾ ಕಂಪನಿಯವರ ಕೈಗೆ ಸಿಕ್ಕ ಈ ಮರದ ಹುಲಿ, ಕಂಪನಿಯ ಲಂಡನ್ ಕಚೇರಿಯಲ್ಲಿ ಪ್ರದರ್ಶನಕ್ಕಿದ್ದು, 1880ರಲ್ಲಿ ಈಗಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಸೇರಿತು. ಹುಲಿಯ ಕೆಳಗೆ ಬಿದ್ದ ಯುರೋಪಿಯನ್ ಸಿಪಾಯಿಯ ನರಳಾಟವನ್ನೂ ಹುಲಿಯ ಗುರುಗುಟ್ಟುವಿಕೆಯನ್ನೂ ಹೊರಡಿಸುವ ವಾದ್ಯಯಂತ್ರ ಅದರ ಹೊಟ್ಟೆಯೊಳಗಿದೆ. ಊಟಕ್ಕೆ ಕೊಡುವುದು ಹಜಾರಗಳನ್ನು, ಅಂಗಳವನ್ನು. ಬಣ್ಣ ಬಳಿದ ಮರ, ಬಟ್ಟೆ, ಕಾಗದಗಳಿರುವ ಕೋಣೆಗಳಿಗೆ ತಟ್ಟೆ, ಲೋಟ ಹಿಡಿದು ಹೋಗುವಂತಿಲ್ಲ. ಊಟಕ್ಕೆ ಮೊದಲು ಅರ್ಧ ಗಂಟೆ ಒಂದು ಗ್ಯಾಲರಿಯನ್ನು ನಿಮ್ಮವರಿಗಾಗಿಯೇ ತೆರೆದಿಡುವ ಏರ್ಪಾಡನ್ನು ಕೇಳಬಹುದು. ಹೆಚ್ಚುವರಿ ಕಾವಲಿಗೆ ಹೆಚ್ಚುವರಿ ಹಣ. ನನ್ನ ಮಟ್ಟಿಗೆ ದೀಪಾಲಂಕಾರಕ್ಕಿಂತ ಇದಕ್ಕೆ ಖರ್ಚು ಮಾಡುವುದು ಸಾರ್ಥಕ.

ಹಾಗೆಯೇ, ಬ್ರಿಟಿಷ್ ಮ್ಯೂಸಿಯಂನಂಥ ಕಡೆ ನೀವು ಕೇಳುವ ಜಾಗದ ಆಸುಪಾಸಿನಲ್ಲಿ ದೇವರ ವಿಗ್ರಹಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಮಾಂಸಾಹಾರ, ಮದ್ಯದ ಮೇಜು ಚೋಳರ ಕಾಲದ ಶಿವನ ಎದುರಿಗೆ ಬಂದರೆ ಮನೆಯ ಹಿರಿಯರ ಮುಖ ಸಂಜೆಯಿಡೀ ಬಾಡಿರುತ್ತದೆ.

ಮಳೆ ಬಂದರೆ?

ಬರುತ್ತದೆ ಎಂದೇ ಇಟ್ಟುಕೊಳ್ಳಿ. ಅಂಗಳ ಅಥವಾ ತೋಟ ಗೊತ್ತುಮಾಡುವಾಗ ಅಷ್ಟೇ ಜನ ಹಿಡಿಸುವ ಒಳಗಿನ ಕೋಣೆಯನ್ನು ಅದೇ ಕರಾರಿನಲ್ಲಿ ಬರೆಸಿಕೊಳ್ಳಿ, ಯಾವ ಗಂಟೆಗೆ ಒಳಗೆ ಸ್ಥಳಾಂತರ ತೀರ್ಮಾನವಾಗಬೇಕು ಎಂಬುದನ್ನೂ ಸೇರಿಸಿ.

ಒಟ್ಟು ಖರ್ಚು ಹೇಗೆ ಲೆಕ್ಕ ಹಾಕುವುದು?

ಮೊದಲ ಪತ್ರದಲ್ಲಿ ಬರುವ ಮೊತ್ತ ಬರಿಯ ಬಾಡಿಗೆ. ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ವ್ಯಾಟ್ ಪ್ರತ್ಯೇಕ ಎಂದಿದ್ದರೆ ಶೇ. 20 ಸೇರಿಸಿ. ಆಮೇಲೆ ಕಾವಲು ಸಿಬ್ಬಂದಿ, ಸ್ವಚ್ಛತೆ, ಕೋಟು ಇಡುವ ಜಾಗ, ಮೇಜು ಕುರ್ಚಿ, ಧ್ವನಿ, ಬೆಳಕು ಒಂದೊಂದಾಗಿ ಬರುತ್ತವೆ. ಅಡುಗೆಯವರಿಗೆ ಕನಿಷ್ಠ ಮೊತ್ತವೊಂದಿರುತ್ತದೆ, ಮೂವತ್ತು ಜನ ಕಡಿಮೆ ಬಂದರೂ ಅದು ಇಳಿಯುವುದಿಲ್ಲ. ಮಧ್ಯರಾತ್ರಿ ದಾಟಿದ ಪ್ರತಿ ಗಂಟೆಗೂ ದಂಡವುಂಟು. ಎಲ್ಲವೂ ಸೇರಿದ ಒಂದೇ ಅಂಕಿಯನ್ನು ಬರವಣಿಗೆಯಲ್ಲಿ ಕೇಳಿ, ಅದು ಬರುವವರೆಗೆ ಮುಂಗಡ ಕೊಡಬೇಡಿ. ನಮ್ಮವರಲ್ಲಿ ಆಮಂತ್ರಣವಿಲ್ಲದ ನೆಂಟರನ್ನು ಜೊತೆಗೆ ಕರೆತರುವ ಪರಿಪಾಠವಿದೆ. ಇಲ್ಲಿ ಬಾಗಿಲಲ್ಲಿ ಹೆಸರಿನ ಪಟ್ಟಿ ಹಿಡಿದು ನಿಂತಿರುತ್ತಾರೆ, ಒಟ್ಟು ಸಂಖ್ಯೆ ಅಗ್ನಿಸುರಕ್ಷತೆಯ ಮಿತಿ ದಾಟುವಂತಿಲ್ಲ.

ವಿಮೆ ಬೇಕೇ?

ಬೇಕು. ನೀವು ಕರೆಸುವ ಪ್ರತಿಯೊಬ್ಬ ಗುತ್ತಿಗೆದಾರರಿಗೂ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಇರಬೇಕು. ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಮ್ಯೂಸಿಯಂನಲ್ಲಿ 2006ರಲ್ಲಿ ಪ್ರವಾಸಿಯೊಬ್ಬ ಮೆಟ್ಟಿಲಲ್ಲಿ ಎಡವಿ ಬಿದ್ದು ಚೀನಾದ ಮೂರು ಹಳೆಯ ಹೂದಾನಿಗಳನ್ನು ಚೂರುಚೂರು ಮಾಡಿದ. ಆಮೇಲೆ ಅವನ್ನು ಜೋಡಿಸಿದರು ಎನ್ನುವುದು ಬೇರೆ ಮಾತು. ಮಕ್ಕಳು ಹೆಚ್ಚಿರುವ ಸಮಾರಂಭವಾದರೆ ಅವರಿಗೆ ಪ್ರತ್ಯೇಕ ಕೋಣೆ, ನೋಡಿಕೊಳ್ಳಲು ಇಬ್ಬರು ಇರಲಿ.

ಮ್ಯೂಸಿಯಂ ನಮ್ಮನ್ನು ನಿರಾಕರಿಸಬಹುದೇ?

ಕುಟುಂಬ ಸಮಾರಂಭಕ್ಕೆ ನಿರಾಕರಣೆ ಬಂದರೆ ಸಾಮಾನ್ಯವಾಗಿ ದಿನ ಖಾಲಿ ಇಲ್ಲವೆಂದು. ಕಂಪನಿ, ರಾಜಕೀಯ, ದೂತಾವಾಸದ ಕಾರ್ಯಕ್ರಮಗಳನ್ನು ಈಗ ಹೆಚ್ಚು ಶೋಧಿಸುತ್ತಾರೆ. 2018ರ ಅಕ್ಟೋಬರ್‌ನಲ್ಲಿ, ಸೌದಿ ಕಾನ್ಸುಲೇಟಿನೊಳಗೆ ಹೋದ ಪತ್ರಕರ್ತ ಜಮಾಲ್ ಖಶೋಗಿ ಕಾಣೆಯಾಗಿದ್ದ ದಿನಗಳಲ್ಲೇ ಸೌದಿ ದೂತಾವಾಸದ ಕೂಟವೊಂದು ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ನಡೆದು ತೀವ್ರ ಟೀಕೆಗೆ ಗುರಿಯಾಯಿತು. ಸಂಘದ ವೇದಿಕೆಗೆ ರಾಜಕಾರಣಿಗಳನ್ನು ಕರೆಯುವ ಆಲೋಚನೆ ಇದ್ದರೆ ಅರ್ಜಿಯಲ್ಲೇ ಹೇಳಿ, ಕೊನೆಯ ವಾರ ಬಹಿರಂಗವಾದರೆ ಕರಾರೇ ರದ್ದಾದೀತು.

ವಯಸ್ಸಾದವರಿಗೆ ಅನುಕೂಲವಿದೆಯೇ?

ದೊಡ್ಡ ಮ್ಯೂಸಿಯಂಗಳಲ್ಲಿ ಲಿಫ್ಟು, ಗಾಲಿಕುರ್ಚಿ, ಇಳಿಜಾರು ದಾರಿ ಎಲ್ಲ ಇವೆ, ಆದರೆ ಸಂಜೆ ಯಾವ ಬಾಗಿಲು ತೆರೆದಿರುತ್ತದೆ ಎಂದು ಕೇಳಿ. ಎದುರಿನ ಭವ್ಯ ಮೆಟ್ಟಿಲಿನ ಬಾಗಿಲು ನಿಮ್ಮದಾಗಿ, ಇಳಿಜಾರು ಇರುವ ಪಕ್ಕದ ಬಾಗಿಲಿಗೆ ಬೀಗ ಬಿದ್ದಿರಬಹುದು. ಕೂರಲು ಸಾಕಷ್ಟು ಕುರ್ಚಿ ಕೇಳಿ ಪಡೆಯಿರಿ. ಗ್ಲಾಸು ಹಿಡಿದು ಮೂರು ಗಂಟೆ ನಿಂತೇ ಇರುವ ಇಲ್ಲಿನ ಪದ್ಧತಿ ನಮ್ಮ ಅಮ್ಮಂದಿರ ಮಂಡಿಗೆ ಆಗಿಬರುವುದಿಲ್ಲ. ಪ್ರದರ್ಶನದ ಪೀಠಕ್ಕೆ ಒರಗಿದರೆ ಕಾವಲಿನವರು ಓಡಿಬರುತ್ತಾರೆ.

ರಾತ್ರಿ ಮನೆಗೆ ಹೋಗುವುದು ಹೇಗೆ?

ಶುಕ್ರವಾರ, ಶನಿವಾರ ರಾತ್ರಿ ಐದು ಸುರಂಗ ರೈಲು ಮಾರ್ಗಗಳಲ್ಲಿ ಇಡೀ ರಾತ್ರಿ ಸಂಚಾರವಿದೆ, ಸೌತ್ ಕೆನ್ಸಿಂಗ್ಟನ್‌ಗೆ ಬರುವ ಪಿಕಡಿಲಿ ಮಾರ್ಗ ಅವುಗಳಲ್ಲೊಂದು. ವಾರದ ನಡುವೆ ಹನ್ನೆರಡೂವರೆಯ ಸುಮಾರಿಗೆ ಕೊನೆಯ ರೈಲು. ರೆಡಿಂಗ್, ಮಿಲ್ಟನ್ ಕೀನ್ಸ್ ಕಡೆಯಿಂದ ಬರುವವರು ಹೆಚ್ಚಿದ್ದರೆ ಒಂದು ಬಸ್ ಗೊತ್ತುಮಾಡಿ. ಬಸ್ ಎಲ್ಲಿ ನಿಲ್ಲಬಹುದು, ಎಷ್ಟು ನಿಮಿಷ ಎಂಬುದನ್ನು ಮ್ಯೂಸಿಯಂನವರೇ ಹೇಳುತ್ತಾರೆ.

ಉಳಿದ ಊಟವನ್ನು ಕಟ್ಟಿಕೊಡುತ್ತಾರೆಯೇ?

ಕಟ್ಟಿಕೊಡುವುದಿಲ್ಲ. ಬಿಸಿಪೆಟ್ಟಿಗೆಯಿಂದ ಹೊರಬಂದು ಹೊತ್ತಾದ ಆಹಾರವನ್ನು ಕೊಟ್ಟು ಯಾರಿಗಾದರೂ ಹೊಟ್ಟೆ ಕೆಟ್ಟರೆ ಹೊಣೆ ತಮ್ಮದೆಂದು ಅಡುಗೆಯವರು ಹೆದರುತ್ತಾರೆ. ಹೋಳಿಗೆ, ಚಿರೋಟಿಗಳನ್ನು ಮಾತ್ರ ಪೆಟ್ಟಿಗೆಯಲ್ಲಿ ಹಾಕಿ ಹೊರಡುವಾಗ ಕೊಡುವ ತಾಂಬೂಲದ ಚೀಲಕ್ಕೆ ಸೇರಿಸಿ ಎಂದು ಮೊದಲೇ ಹೇಳಿಟ್ಟರೆ ಒಪ್ಪುತ್ತಾರೆ. ಆ ಚೀಲಗಳನ್ನು ಹಂಚುವ ಜಾಗ ಹೊರಬಾಗಿಲಿನ ಆಚೆಗಿರಲಿ, ಎಲೆ ಅಡಿಕೆಯನ್ನು ಒಳಗೆ ಬಿಚ್ಚುವಂತಿಲ್ಲ.